ಮೂರನೆಯ ಮುಖ

“ಪರವಾಗಿಲ್ಲ” ಎಂದಳು ಹೆಂಡತಿ, ಹಲ್ಲುಜ್ಜುವ ಬ್ರಷ್ಷನ್ನು ಬಾಯಿಂದ ತೆಗೆಯದೆಯೇ.

ಅವನು ಬಚ್ಚಲ ಬಾಗಿಲಲ್ಲಿ ಒಂದು ಕಾಲಿಗೆ ಕಾಲುಚೀಲ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಕೇಳಿದ್ದು ಇಷ್ಟೇ: “ಸಾಯಂಕಾಲ ಆಸ್ಪತ್ರೆಗೆ ನಾನೂ ಬರಲಾ?” ಬೇಡ ಎನ್ನಿಸಿಕೊಳ್ಳುವ ಆಸೆ ಕೇಳಿದ ರೀತಿಯಲ್ಲೇ ಇತ್ತು ಎಂಬುದು ಅವನಿಗೂ ಗೊತ್ತು. ಬ್ರಷ್ಷು, ನೊರೆ, ನಲ್ಲಿಯ ಸದ್ದು ಎಲ್ಲ ಸೇರಿ ಮಾತು ಕಿವಿಗೆ ಬಿತ್ತೇ ಹೊರತು ಅದರ ದನಿ ಸಿಕ್ಕಲಿಲ್ಲ. ಬೇಡ ಎಂದಳೋ, ಬಂದರೂ ಆದೀತು ಎಂದಳೋ, ಕೇಳಿದಿರಲ್ಲ ಅಷ್ಟೇ ಸಾಕು ಎಂದಳೋ.

“ಪರವಾಗಿಲ್ಲ ಅಂದ್ರೆ?”

ಅವಳು ಉಗುಳಿದಳು, ಬಾಯಿ ಮುಕ್ಕಳಿಸಿದಳು, ಟವೆಲ್ಲಿನಲ್ಲಿ ಮುಖ ಒತ್ತಿಕೊಂಡಳು. ಟವೆಲ್ಲಿನ ಒಳಗಿಂದ, “ನಿಮಗೆ ಮೀಟಿಂಗ್ ಇದೆಯಲ್ಲ” ಎಂದಳು.

“ಇದೆ. ಅದೂ ಸಾಯಂಕಾಲಾನೇ.”

“ಮತ್ತೆ?”

ಬೀಸುವ ದೊಣ್ಣೆ ತಪ್ಪಿತು ಎಂದುಕೊಂಡು ಅವನು ಇನ್ನೊಂದು ಕಾಲುಚೀಲ ಹಾಕಿಕೊಂಡ. ತಪ್ಪಿದ್ದಕ್ಕೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಎಡಗಡೆಯ ಸ್ತನದಲ್ಲಿ ಗಂಟೊಂದು ಕೈಗೆ ಸಿಕ್ಕಿದೆ ಎಂದು ಅವಳು ಹೇಳಿದ್ದು ಕಳೆದ ತಿಂಗಳು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಫಲಿತಾಂಶವನ್ನು ಇವತ್ತು ಡಾಕ್ಟರು ಬಾಯಲ್ಲೇ ಹೇಳುತ್ತಾರೆ. ಗಂಟಿನ ಸುದ್ದಿ ಕೇಳಿದ ದಿನ ಅವನು ಅವಳ ಕೈ ಹಿಡಿದುಕೊಳ್ಳಬಹುದಿತ್ತು. ಬದಲಿಗೆ, ಇಂಥ ಗಂಟುಗಳಲ್ಲಿ ಹತ್ತಕ್ಕೆ ಒಂಬತ್ತು ಏನೂ ಆಗಿರಲ್ಲ ಎಂದಿದ್ದ. ಅದು ನಿಜ. ನಿಜ ಹೇಳಿದರೆ ಧೈರ್ಯ ಬರುತ್ತದೆಂದು ಅವನ ನಂಬಿಕೆ.

“ಹತ್ತನೇದು?” ಎಂದಿದ್ದಳು ಅವಳು.

“ಹತ್ತನೇದಕ್ಕೂ ಈಗ ಒಳ್ಳೆ ಔಷಧಿ ಇದೆ.”

“ನಾನು ಕೇಳಿದ್ದು ಅದಲ್ಲ.”

ಏನು ಕೇಳಿದ್ದು ಎಂದು ಅವನು ಕೇಳಲಿಲ್ಲ. ಅವಳು ಗೋಡೆಯ ಕಡೆ ಹೊರಳಿದ್ದಳು.

ಬಸ್ಸಿನಲ್ಲಿ ಯಾರೋ ಅವನ ಕಾಲು ತುಳಿದರು. “ಅಯ್ಯೋ, ಸಾರಿ ಸಾರ್.” “ಪರವಾಗಿಲ್ಲ” ಎಂದ. ಹೆಬ್ಬೆರಳು ಚುರುಚುರು ಎನ್ನುತ್ತಿತ್ತು. ಪರವಾಗಿತ್ತು, ಸಾಕಷ್ಟೇ ಪರವಾಗಿತ್ತು. ಆದರೂ ಆ ಮಾತು ಬಾಯಿಂದ ತಾನಾಗಿ ಉದುರಿತ್ತು. ಬೆಳಗ್ಗೆಯ ನಲ್ಲಿಯ ಸದ್ದು ಮತ್ತೆ ಕೇಳಿದಂತಾಗಿ ಅವನು ಒಂದು ಸ್ಟಾಪು ಮೊದಲೇ ಇಳಿದು ನಡೆದ.

ಅವನು ಕೆಲಸ ಮಾಡುವ ಸಂಶೋಧನಾ ಕೇಂದ್ರ ಸಕ್ಕರೆ ಕಾಯಿಲೆಯವರದು. ಅದರಲ್ಲೂ ಪಾದದ ಉರಿ ಅವನ ವಿಷಯ. ನರ ಕೆಟ್ಟು, ಹಗಲೂ ರಾತ್ರಿ ಅಂಗಾಲು ಕೆಂಡ ತುಳಿದಂತೆ ಉರಿಯುವ ಜನ. ಅವರಿಗಾಗಿ ಹೊಸ ಮಾತ್ರೆಯೊಂದು ಬಂದಿತ್ತು. ಅರ್ಧ ಜನಕ್ಕೆ ಮಾತ್ರೆ, ಇನ್ನರ್ಧಕ್ಕೆ ಅದೇ ಬಣ್ಣದ ಹುಸಿಮಾತ್ರೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ಗೊತ್ತಿಲ್ಲ, ನುಂಗಿದವರಿಗೂ ಗೊತ್ತಿಲ್ಲ. ಗುಟ್ಟು ಒಡೆದದ್ದು ಕಳೆದ ವಾರ. ಲೆಕ್ಕ ಹಾಕಿದವನು ಅವನೇ. ಮಾತ್ರೆ ಗೆದ್ದಿತ್ತು. ಆಫೀಸಿನಲ್ಲಿ ಅವನಿಗೆ ‘ಸರಾಸರಿ’ ಎಂಬ ಅಡ್ಡಹೆಸರು. ಆ ದಿನ ನಿರ್ದೇಶಕರು ಎಲ್ಲರೆದುರು “ನಮ್ಮ ಸರಾಸರಿ ಈಗ ಸರಾಸರಿಗಿಂತ ಮೇಲೆ” ಎಂದಿದ್ದರು. ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ.

ಕಾರಿಡಾರಿನ ಗೋಡೆಯ ಮೇಲೆ ಅವನೇ ಮಾಡಿಸಿದ ಹಲಗೆ ಇತ್ತು. ಐದು ಹಳದಿ ಮುಖಗಳು, ಕೆಳಗೆ ಐದು ಉತ್ತರ. ‘ನಿಮ್ಮ ಪಾದದ ಉರಿ ಈಗ ಹೇಗಿದೆ?’ ಪೂರ್ತಿ ವಾಸಿ, ತುಂಬ ವಾಸಿ, ಪರವಾಗಿಲ್ಲ, ಹಾಗೇ ಇದೆ, ಜಾಸ್ತಿಯಾಗಿದೆ. ಮೊದಲನೆಯ ಮುಖ ಹಲ್ಲು ಬಿಡುತ್ತದೆ, ಕೊನೆಯದು ಅಳುತ್ತದೆ. ಮೂರನೆಯದಕ್ಕೆ ಬಾಯಿ ಇರುವ ಕಡೆ ಒಂದು ನೇರ ಗೆರೆ.

ಮೂರನೆಯ ಉತ್ತರದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ. ಔಷಧಿ ಕಂಪನಿಯ ಮೂಲ ಪ್ರಶ್ನೆಯಲ್ಲಿ ಅದರ ಅರ್ಥ ‘ಮೊದಲಿಗಿಂತ ಸ್ವಲ್ಪ ವಾಸಿ’ ಎಂದಿತ್ತು. ಮೊದಲ ಸಲ ಅನುವಾದ ಮಾಡಿದ ಪಂಡಿತರು ‘ಕಿಂಚಿತ್ ಉಪಶಮನ’ ಎಂದು ಬರೆದಿದ್ದರು. ಕಿಂಚಿತ್ ಉಪಶಮನ ಆಗಿದೆಯಾ ಅಜ್ಜಿ ಎಂದು ಕೇಳಿದರೆ ಅಜ್ಜಿ ಎದ್ದು ಮನೆಗೆ ಹೋದಾಳು. ಅವನು ಅದನ್ನು ಹೊಡೆದುಹಾಕಿ ‘ಪರವಾಗಿಲ್ಲ’ ಎಂದು ಬರೆದ. ಜನ ಆಡುವ ಮಾತು, ಬಾಯಿಗೆ ಹಗುರ. ಲೆಕ್ಕದಲ್ಲಿ ಅದು ವಾಸಿಯಾದವರ ಸಾಲಿಗೆ ಸೇರುತ್ತದೆ. ನಿಜವಾದ ಮಾತ್ರೆ ನುಂಗಿದವರಲ್ಲಿ ಮುಕ್ಕಾಲು ಮಂದಿ ಬೆರಳಿಟ್ಟದ್ದು ಆ ನೇರ ಗೆರೆಯ ಮೇಲೆಯೇ. ಹುಸಿಮಾತ್ರೆಯವರು ‘ಹಾಗೇ ಇದೆ’ ಎನ್ನುತ್ತ ಜಗಳ ಕಾಯುತ್ತ ಉಳಿದಿದ್ದರು.

ಹೆಂಡತಿಗೆ ಈ ಹಲಗೆ ತೋರಿಸಿದಾಗ ಅವಳು ನಕ್ಕಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಗಾಜು ಬದಲಿಸಿ ಬದಲಿಸಿ, ಇದು ವಾಸಿನಾ, ಹಿಂದಿನದು ವಾಸಿನಾ ಎಂದು ದಿನವಿಡೀ ಕೇಳುತ್ತಾಳೆ. “ನನಗೆ ಎರಡೇ ಉತ್ತರ ಸಾಕಪ್ಪ. ಮೂರನೇದು ಕೊಟ್ರೆ ಎಲ್ಲರೂ ಅದರ ಹಿಂದೇನೇ ಬಚ್ಚಿಟ್ಕೋತಾರೆ” ಎಂದಿದ್ದಳು. ಅವಳದು ಅಂಗಡಿಯ ಬುದ್ಧಿ ಎಂದು ಅವನು ಆಗ ತಳ್ಳಿಹಾಕಿದ್ದ.

“ಸಾರ್, ಸಿಡಿಲಮ್ಮ ಬಂದಿದಾರೆ” ಎಂದು ಸಿಸ್ಟರ್ ಬಾಗಿಲಲ್ಲಿ ಇಣುಕಿದಳು. “ಉಳಿದ ಮಾತ್ರೆ ವಾಪಸ್ ಕೊಡೋಕೆ.”

ಸಿಡಿಲಮ್ಮ ಎಂಬುದು ಸಿಸ್ಟರುಗಳು ಇಟ್ಟ ಹೆಸರು. ಆಕೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಮೊದಲ ಸಲ ಬಂದಾಗ ಕುರ್ಚಿ ಸರಿಯಿಲ್ಲ, ಫ್ಯಾನು ತಿರುಗುತ್ತಿಲ್ಲ, ಡಾಕ್ಟರ ಅಕ್ಷರ ಕಾಗೆ ಕಾಲು ಎಂದು ಗದರಿದ್ದಳು. ಇಡೀ ಕೇಂದ್ರವನ್ನು ಬೆಂಚಿನ ಮೇಲೆ ನಿಲ್ಲಿಸದೆ ಬಿಟ್ಟದ್ದೊಂದೇ ಪುಣ್ಯ. ಆಕೆ ಬರುವ ದಿನ ಅವನು ಅಂಗಿಯ ಗುಂಡಿ ನೋಡಿಕೊಂಡು ಹೊರಬರುತ್ತಿದ್ದ.

ಇವತ್ತು ಆಕೆ ಮೂಲೆಯ ಮುರಿದ ಕುರ್ಚಿಯಲ್ಲೇ ಕೂತಿದ್ದಳು. ಪಕ್ಕದಲ್ಲಿ ಮಾತ್ರೆಯ ಚೀಲ ಹಿಡಿದ ಯಜಮಾನರು.

“ಹೇಗಿದೀರಿ ಮೇಡಂ?”

“ಪರವಾಗಿಲ್ಲ.”

“ಉರಿ?”

“ಇದೆ.”

ಅವನು ನಕ್ಕ. “ಇದೆ ಅಂದ್ರೆ ಸ್ವಲ್ಪ ಇದೆ. ಮೊದಲಿಗಿಂತ ಕಡಿಮೆ.”

“ಇಲ್ಲ. ಮೊದಲಷ್ಟೇ ಇದೆ.”

“ಮತ್ತೆ ಹೋದ ಸಲ ಪರವಾಗಿಲ್ಲ ಅಂತ ತೋರಿಸಿದ್ರಲ್ಲ?”

“ಹೌದು. ಪರವಾಗಿಲ್ಲ.” ಆಕೆ ಅವನ ಕಡೆ ನೋಡಿದಳು. ಆ ನೋಟದಲ್ಲಿ ಬೈಗುಳವಿರಲಿಲ್ಲ. ಹಾಗೆ ನೋಡಿದರೆ ಏನೂ ಇರಲಿಲ್ಲ. “ಉರೀಲಿ ಬಿಡಿ.”

ಯಜಮಾನರು ಅವನನ್ನು ಕಿಟಕಿಯ ಕಡೆ ಕರೆದರು. ಗುಟ್ಟು ಹೇಳುವವರ ಹಾಗೆ ಕೈಯನ್ನು ಬಾಯಿಗೆ ಅಡ್ಡ ಹಿಡಿದಿದ್ದರು. “ಸಾರ್, ತಪ್ಪು ತಿಳೀಬೇಡಿ. ಮದುವೆ ಆದಾಗಿನಿಂದ ಬೈಸ್ಕೊಂಡು ಬಂದೋನು ನಾನು. ಊಟ ಇಲ್ದಿದ್ರೂ ಇರ್ತಿದ್ದೆ, ಬೈಗುಳ ಇಲ್ದೆ ಇರ್ತಿರಲಿಲ್ಲ. ಈ ಮಾತ್ರೆ ಶುರುವಾದ ಮೇಲೆ ಒಂದಿನ ಬೈದಿಲ್ಲ. ಮೊದಮೊದಲು ಬದುಕಿದೆಯಾ ಬಡಜೀವವೇ ಅಂದ್ಕೊಂಡೆ. ಆಮೇಲೆ ಅವಳ ಅಕ್ಕ ತೀರ್ಕೊಂಡ್ರು. ಒಂದೇ ತಟ್ಟೆಲಿ ಉಂಡು ಬೆಳೆದೋರು. ಫೋನ್ ಬಂತು. ಸರಿ ಅಂದ್ಲು. ಟೀವಿ ಸೌಂಡು ಜಾಸ್ತಿ ಮಾಡ್ಕೊಂಡ್ಲು.”

“ನೋವು ಮಾತ್ರ ಕಡಿಮೆ ಆಗಿಲ್ಲ ಅಂತೀರಾ?”

“ಅವಳು ಈಗಲೂ ರಾತ್ರಿಯೆಲ್ಲ ಕಾಲು ಉಜ್ತಾಳೆ ಸಾರ್. ಆದ್ರೆ ಮುಖ ನೋಡಿದ್ರೆ ಬೇರೆ ಯಾರದೋ ಕಾಲು ಉಜ್ತಿರೋ ಹಾಗಿರುತ್ತೆ.” ಅವರು ಒಮ್ಮೆ ಹೆಂಡತಿಯ ಕಡೆ ತಿರುಗಿ ನೋಡಿದರು. “ಮಾತ್ರೆ ನಿಂತ ಮೇಲೆ ವಾಪಸ್ ಬರ್ತಾಳಾ?”

“ನೋಡೋಣ” ಎಂದ ಅವನು.

ಅವರು ಹೋದ ಮೇಲೆ ಹಲಗೆಯ ಮುಂದೆ ನಿಂತ. ಪರವಾಗಿಲ್ಲ. ಪರವಾ ಇಲ್ಲ. ಎಷ್ಟು ಸಲ ಬರೆದ, ತಿದ್ದಿದ, ಅಚ್ಚು ಹಾಕಿಸಿದ ಮಾತು! ಅದನ್ನು ಬಿಡಿಸಿ ನೋಡಿರಲಿಲ್ಲ. ನೋವು ಇಲ್ಲ ಎಂದು ಆ ಮಾತು ಯಾವತ್ತೂ ಹೇಳಿರಲಿಲ್ಲ. ಪರವಾ ಇಲ್ಲ ಎಂದಷ್ಟೇ ಹೇಳಿತ್ತು. ಮಾತ್ರೆ ಉರಿಯನ್ನು ಮುಟ್ಟಿಲ್ಲ, ಉರಿಯುವವರನ್ನು ಮುಟ್ಟಿದೆ. ಮುಕ್ಕಾಲು ಮಂದಿ ಅದನ್ನೇ ಬಾಯಿಬಿಟ್ಟು ಹೇಳಿದ್ದಾರೆ. ಅವನು ಅವರನ್ನೆಲ್ಲ ಎತ್ತಿ ವಾಸಿಯಾದವರ ಸಾಲಿನಲ್ಲಿ ಕೂರಿಸಿದ್ದಾನೆ.

“ಈಗ ಯಾರೂ ಗಲಾಟೆ ಮಾಡಲ್ಲ ಸಾರ್” ಎಂದಳು ಹಿಂದಿನಿಂದ ಸಿಸ್ಟರ್. “ನಮಗೂ ಆರಾಮ.”

ಅವನಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ನೀರು ಕುಡಿದ. ಮೇಜಿನ ಮೇಲಿನ ಪೆನ್ನುಗಳನ್ನು ಬಣ್ಣದ ಪ್ರಕಾರ ಜೋಡಿಸಿ ಮತ್ತೆ ಕಲಸಿದ. ಕೊನೆಗೆ ಹೆಂಡತಿಗೆ ಫೋನು ಮಾಡಿದ. ಆ ಕಡೆ ಅವಳ ಅಂಗಡಿಯ ದನಿ, ಯಾರಿಗೋ: “ಇದು ವಾಸಿನಾ, ಹಿಂದಿನದು ವಾಸಿನಾ?” ಆಮೇಲೆ ಅವನಿಗೆ: “ಹೇಳಿ.”

“ಏನಿಲ್ಲ. ಬೆಳಗ್ಗೆ ಪರವಾಗಿಲ್ಲ ಅಂದೆಯಲ್ಲ.”

“ಹ್ಞೂ.”

“ಯಾವ ಅರ್ಥದಲ್ಲಿ ಅಂದೆ?”

ಆ ಕಡೆ ಗಾಜೊಂದನ್ನು ಚೌಕಟ್ಟಿನಲ್ಲಿ ಕೂರಿಸಿದ ಟಿಕ್ ಸದ್ದು. “ಗಿರಾಕಿ ಇದಾರೆ ರೀ. ಹೊರಟ ಮೇಲೆ ನಾನೇ ಮಾಡ್ತೀನಿ.”

ಮೀಟಿಂಗಿನ ಕೋಣೆಯಲ್ಲಿ ಉದ್ದನೆಯ ಮೇಜು, ನೀರಿನ ಬಾಟಲಿಗಳು, ಚಳಿ ಹುಟ್ಟಿಸುವ ಏಸಿ. ಔಷಧಿ ಕಂಪನಿಯ ಪ್ರತಿನಿಧಿ ಚಿಕ್ಕ ವಯಸ್ಸಿನ ಹೆಂಗಸು. ಎಲ್ಲದಕ್ಕೂ ತಲೆದೂಗುವ ಅಭ್ಯಾಸ. ಅವನು ಫಲಿತಾಂಶ ಓದಿದ. ಪರದೆಯ ಮೇಲೆ ಎರಡು ಗೆರೆಗಳು, ಒಂದು ಮೇಲೆ, ಒಂದು ಕೆಳಗೆ. ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

“ಯಾರಿಗಾದ್ರೂ ಏನಾದ್ರೂ ಅನುಮಾನ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತಾನಾಗಿ ಮೇಲೆದ್ದಿತ್ತು.

“ನಿಮಗೇನಾ?” ಎಂದರು ನಿರ್ದೇಶಕರು. “ಮದುಮಗನೇ ಆಕ್ಷೇಪ ಎತ್ತಿದ್ರೆ ಹೇಗ್ರೀ?”

ನಗು. ಅವನು ನಗು ಮುಗಿಯುವ ತನಕ ಕಾದ. “ಮೂರನೇ ಉತ್ತರದ ವಿಷಯ. ಪರವಾಗಿಲ್ಲ ಅಂದೋರಿಗೆ ಉರಿ ಕಡಿಮೆ ಆಗಿಲ್ಲ ಅನ್ಸುತ್ತೆ. ಉರಿಯ ಬಗ್ಗೆ ಅವರಿಗೆ ಏನೂ ಅನ್ನಿಸ್ತಿಲ್ಲ, ಅಷ್ಟೇ.”

“ಆ ಪದ ಹಾಕಿದ್ದು ಯಾರು?”

“ನಾನೇ.”

“ಚೆನ್ನಾಗಿದೆ ಅಂತ ನಾವೆಲ್ಲ ಒಪ್ಪಿದ್ವಿ, ಅಲ್ವಾ?”

“ಹೌದು.”

“ಉರಿ ಇದೆ, ಆದ್ರೆ ಅದರ ಚಿಂತೆ ಇಲ್ಲ. ಅದಕ್ಕೂ ವಾಸಿಯಾಗೋದಕ್ಕೂ ಏನ್ರೀ ವ್ಯತ್ಯಾಸ?” ಅವರು ಮುಚ್ಚಳವನ್ನು ಟಪ್ಪೆಂದು ಹಾಕಿದರು. “ಸನ್ಯಾಸಿಗಳು ಜೀವಮಾನವೆಲ್ಲ ಕೂತು ಸಂಪಾದಿಸಿದ್ದನ್ನ ನಾವು ಊಟ ಆದ ಮೇಲೆ ಒಂದು ಮಾತ್ರೆಲಿ ಕೊಡ್ತಿದೀವಿ. ಅದಕ್ಕೂ ನಿಮ್ಮ ತಕರಾರು!”

ಮತ್ತೆ ನಗು. ಜೇಬಿನಲ್ಲಿ ಫೋನು ನಡುಗಿತು. ತೊಡೆಗೆ ಅಂಟಿಕೊಂಡು ನಡುಗಿತು, ನಿಂತಿತು, ಮತ್ತೆ ನಡುಗಿತು. ಅವಳು ಹೊರಟಿದ್ದಾಳೆ.

ವ್ಯತ್ಯಾಸ ಏನೆಂದು ಹೇಳಬಹುದಿತ್ತು. ಅಕ್ಕ ಸತ್ತ ಸುದ್ದಿಗೆ ಟೀವಿಯ ಸೌಂಡು ಏರಿಸಿದ ಹೆಂಗಸಿನ ಕತೆ ಹೇಳಬಹುದಿತ್ತು. ಅಷ್ಟು ಜನರನ್ನು ಮತ್ತೆ ಕರೆಸಿ ಬೇರೆ ಮಾತಿನಲ್ಲಿ ಕೇಳೋಣ ಎನ್ನಬಹುದಿತ್ತು. ಹಾಗೆಂದರೆ ಮೀಟಿಂಗು ಕತ್ತಲಾಗುವವರೆಗೂ ಮುಗಿಯದು. ಆಸ್ಪತ್ರೆಯಲ್ಲಿ ಅವಳೊಬ್ಬಳೇ ಕೂತಿರುತ್ತಾಳೆ. ಈಗ ಒಪ್ಪಿಕೊಂಡುಬಿಟ್ಟರೆ ಎದ್ದು ಓಡಬಹುದು, ಅವಳ ಸರದಿ ಬರುವ ಮೊದಲೇ ಪಕ್ಕದಲ್ಲಿ ಕೂತಿರಬಹುದು. ಹೆಂಡತಿಗಿಂತ ಮೀಟಿಂಗು ದೊಡ್ಡದೇ? ಹೀಗೆ ಕೇಳಿಕೊಂಡಾಗ ಅವನಿಗೆ ತಾನು ಒಳ್ಳೆಯ ಗಂಡ ಎನ್ನಿಸಿತು. ಬಹಳ ದಿನವಾಗಿತ್ತು ಹಾಗೆ ಅನ್ನಿಸಿ.

“ಹಾಗಾದ್ರೆ ನಿಮ್ಮ ಒಪ್ಪಿಗೆ ಇದೆ ಅಂದ್ಕೋಬಹುದಾ ಸಾರ್?” ಎಂದಳು ಪ್ರತಿನಿಧಿ, ತಲೆದೂಗುತ್ತ.

“ಇದೆ” ಎಂದ.

ಚಪ್ಪಾಳೆ ತಟ್ಟಿದರು. ಅವನು ಎದ್ದ. ಎದ್ದವನು ಹೊರಡಬೇಕಿತ್ತು. ಯಾರೋ ಕಾಫಿ ಕೈಗಿಟ್ಟರು. ಯಾರೋ ಬೆನ್ನು ತಟ್ಟಿದರು. ನಿರ್ದೇಶಕರು ಭುಜದ ಮೇಲೆ ಕೈ ಹಾಕಿ, ಮಾತ್ರೆ ಅಂಗಡಿಗಳಿಗೆ ಬರುವ ದಿನ, ಮುಂದಿನ ಅಧ್ಯಯನ, ಅದರಲ್ಲಿ ಅವನಿಗೆ ಕಾದಿರುವ ಸ್ಥಾನ ಎಲ್ಲವನ್ನೂ ವಿವರಿಸಿದರು. ಹೋಗಬೇಕು ಸಾರ್ ಎನ್ನುವುದಕ್ಕೆ ಅಂಥ ಕಷ್ಟವೇನಿರಲಿಲ್ಲ. ಅವನು ಕಾಫಿ ಮುಗಿಸಿದ. ಇನ್ನೊಂದು ಕಪ್ಪು ಬಂತು, ಅದನ್ನೂ ಮುಗಿಸಿದ. ಕಾಲು ಯಾಕೆ ಏಳುತ್ತಿಲ್ಲವೆಂದು ದೂರದಿಂದ, ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡುತ್ತಿದ್ದ. ಹತ್ತರಲ್ಲಿ ಒಂಬತ್ತು ಎಂದು ಒಳಗೊಂದು ದನಿ ಹೇಳುತ್ತಲೇ ಇತ್ತು. ಅಲ್ಲಿಗೆ ಹೋದರೆ ಆ ಹತ್ತನೆಯದನ್ನು ಕಣ್ಣಾರೆ ನೋಡಬೇಕಾದೀತು. ಹೆದರಿಕೆ ಅದೊಂದೇ ಆಗಿತ್ತು, ಅದು ಅವನಿಗೆ ಗೊತ್ತಿತ್ತು.

ಆಸ್ಪತ್ರೆ ತಲುಪಿದಾಗ ದೀಪ ಹಚ್ಚಿದ್ದರು. ಎರಡನೆಯ ಮಹಡಿಯ ಕಾರಿಡಾರಿನ ಕುರ್ಚಿಗಳು ಖಾಲಿ. ನೆಲ ಒರೆಸುವವಳು ಬಕೆಟ್ಟನ್ನು ಕಾಲಿನಿಂದ ತಳ್ಳುತ್ತ ಬರುತ್ತಿದ್ದಳು. ಡಾಕ್ಟರ ಕೋಣೆಗೆ ಬೀಗ. ಕಟ್ಟಕಡೆಯ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಳು, ಬ್ಯಾಗು ತೊಡೆಯ ಮೇಲೆ, ಎರಡು ಕೈಯೂ ಬ್ಯಾಗಿನ ಮೇಲೆ. ಕನ್ನಡಕ ತೆಗೆದಿದ್ದಳು. ಅದಿಲ್ಲದ ಅವಳ ಮುಖ ಅವನಿಗೆ ಅಷ್ಟು ಪರಿಚಯವಿರಲಿಲ್ಲ.

“ಲೇಟಾಯ್ತು” ಎಂದ. “ಮೀಟಿಂಗ್ ಬೇಗ ಮುಗಿಸಿದೆ. ಆದ್ರೂ…”

“ಪರವಾಗಿಲ್ಲ.”

“ಏನಂದ್ರು?”

ಅವಳು ಕನ್ನಡಕದ ಗಾಜನ್ನು ಸೆರಗಿನಿಂದ ಒರೆಸಿದಳು. ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ಒರೆಸಿದಳು.

“ಏನಂದ್ರೇ?”

“ಪರವಾಗಿಲ್ಲ” ಎಂದಳು.

“ಪರವಾಗಿಲ್ಲ ಅಂದ್ರೆ?”

“ಪರವಾಗಿಲ್ಲ ಅಂದ್ರೆ ಪರವಾಗಿಲ್ಲ.”

ಈಗ ನಲ್ಲಿಯ ಸದ್ದಿರಲಿಲ್ಲ, ಬಾಯಲ್ಲಿ ಬ್ರಷ್ಷಿರಲಿಲ್ಲ. ಮಾತು ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೇಳಿತು. ಅರ್ಥ ಮಾತ್ರ ಆಗಲಿಲ್ಲ. ಅವಳ ಕೈ ಹಿಡಿದು, ಹತ್ತನೆಯವಳು ನೀನಾ ಹೇಳು ಎಂದು ಕೇಳಬೇಕೆನ್ನಿಸಿತು. ಅತ್ತರೆ ಅತ್ತುಬಿಡೋಣ ಎನ್ನಿಸಿತು. ಕೈ ಚಾಚಿದ. ಅಷ್ಟರಲ್ಲಿ ಅವಳು ಬ್ಯಾಗು ಎತ್ತಿಕೊಂಡು ಎದ್ದಿದ್ದಳು. ಅವನ ಕೈ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿತು.

ಲಿಫ್ಟಿನ ಮುಂದೆ ಪಕ್ಕಪಕ್ಕದಲ್ಲಿ ನಿಂತರು. ಕೆಳಗೆ ಹೊರಬಾಗಿಲು, ಮನೆಗೆ ಹೋಗುವ ದಾರಿ. ಮೇಲೆ ವಾರ್ಡುಗಳು, ದಾಖಲಾದವರ ಹಾಸಿಗೆಗಳು. ಗುಂಡಿ ಒತ್ತಿದವಳು ಅವಳು. ಯಾವ ಗುಂಡಿ ಎಂದು ಅವನು ನೋಡಿಕೊಳ್ಳಲಿಲ್ಲ.

ಬಾಗಿಲು ತೆರೆಯಿತು. ಒಳಗೆ ಜನ ಒತ್ತಾಗಿ ನಿಂತಿದ್ದರು. ಒಬ್ಬರಿಗೆ ಆಗುವಷ್ಟು ಜಾಗ. ಅವಳು ಒಳಗೆ ಹೋಗಿ, ಜನರ ನಡುವೆ ಅವನ ಕಡೆಗೆ ತಿರುಗಿ ನಿಂತಳು.

“ಬನ್ನಿ ಸಾರ್, ಸ್ವಲ್ಪ ಸರ್ಕೊಂಡ್ರೆ ಆಗುತ್ತೆ” ಎಂದರು ಯಾರೋ ಒಳಗಿನಿಂದ. ಸರಿದರು ಕೂಡ.

“ಪರವಾಗಿಲ್ಲ” ಎಂದ ಅವನು. “ನೀವು ಹೋಗಿ.”

ಹೇಳಿದ ಮೇಲೆ ಹೇಳಿದ್ದು ತಿಳಿಯಿತು. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಬೆಳಗ್ಗೆ ಹೆಡ್‌ಮಿಸ್ಟ್ರೆಸ್ ನೋಡಿದ ಹಾಗೆ, ಏನೂ ಇಲ್ಲದೆ. ಎರಡು ಕಡೆಯ ಬಾಗಿಲೂ ಬಂದು ಕೂಡಿಕೊಂಡವು. ಉಕ್ಕಿನ ಬಾಗಿಲ ಮೇಲೆ ಒಂದು ಮುಖ ಉಳಿಯಿತು, ಕಣ್ಣು ಮೂಗು ಕಲಸಿಹೋದದ್ದು, ಬಾಯಿ ಇರುವ ಕಡೆ ಒಂದು ನೇರ ಗೆರೆ.

ಅವನು ತಲೆಯೆತ್ತಿ ಬಾಣದ ದೀಪ ನೋಡಿದ. ಮೇಲಿನದೂ ಉರಿಯುತ್ತಿತ್ತು, ಕೆಳಗಿನದೂ ಉರಿಯುತ್ತಿತ್ತು.

“ಅದು ಕೆಟ್ಟು ತುಂಬ ದಿನ ಆಯ್ತು” ಎಂದಳು ನೆಲ ಒರೆಸುವವಳು. “ಎತ್ಲಾಗೆ ಹೋಗ್ಬೇಕು ನೀವು?”

ಮೆಟ್ಟಿಲು ಪಕ್ಕದಲ್ಲೇ ಇತ್ತು. ಅವನು ಓಡಿ ಹೋಗಿ ಅಲ್ಲಿ ನಿಂತ. ಗೋಡೆಯ ಆಚೆ ಲಿಫ್ಟಿನ ಹಗ್ಗ ಓಡುವ ಸದ್ದು ಕೇಳುತ್ತಿತ್ತು. ಅದು ಏರುವಾಗಲೂ ಅದೇ ಸದ್ದು, ಇಳಿಯುವಾಗಲೂ ಅದೇ ಸದ್ದು. ಒಂದು ಕಾಲನ್ನು ಮೇಲಿನ ಮೆಟ್ಟಿಲ ಮೇಲಿಟ್ಟ, ತೆಗೆದ, ಕೆಳಗಿನ ಮೆಟ್ಟಿಲ ಕಡೆ ತಿರುಗಿದ. ನೆಲ ಇನ್ನೂ ಒದ್ದೆಯಿತ್ತು. ನಿಂತ ಕಡೆಯೇ ಅವನ ಬೂಟಿನ ಗುರುತುಗಳು ಒಂದರ ಮೇಲೊಂದು ಬೀಳುತ್ತಿದ್ದವು.